ಲ್ಯಾಂಬ್ಡಾ ಫಂಕ್ಷನ್ ಬರೆದು ಗಿಟ್‌ಹಬ್‌ನಿಂದ ತಾನಾಗೇ ಡಿಪ್ಲಾಯ್ ಆಗುವಂತೆ ಮಾಡುವುದು ಹೇಗೆ?

"ಲ್ಯಾಂಬ್ಡಾದಲ್ಲಿ ಕೋಡ್ ಹಾಕಿದ್ದೇನೆ, ಓಡ್ತಾ ಇದೆ. ಆದ್ರೆ ಬದಲಾವಣೆ ಮಾಡಿದಾಗೆಲ್ಲ ಜಿಪ್ ಮಾಡಿ ಅಪ್‌ಲೋಡ್ ಮಾಡ್ಬೇಕಾ?" ಈ ಪ್ರಶ್ನೆ ಪದೇ ಪದೇ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು: "ಗಿಟ್‌ಹಬ್‌ನಲ್ಲಿ ಎಡಬ್ಲ್ಯೂಎಸ್ ಕೀ ಎಲ್ಲಿ ಹಾಕ್ಬೇಕು?" (ಎಡಬ್ಲ್ಯೂಎಸ್ ಅಂದರೆ ಅಮೆಜಾನ್‌ನ ಕ್ಲೌಡ್, ಕೀ ಅಂದರೆ ಅದರೊಳಗೆ ಹೋಗಲು ಬೇಕಾದ ಗುಟ್ಟಿನ ಸಂಕೇತ. ಡಿಪ್ಲಾಯ್ ಅಂದರೆ ಬರೆದ ಕೋಡನ್ನು ಅದು ಓಡುವ ಜಾಗಕ್ಕೆ ಸೇರಿಸುವುದು.)

ಮೊದಲನೆಯದಕ್ಕೆ ಉತ್ತರ: ಬೇಡ. ಎರಡನೆಯದಕ್ಕೆ ಉತ್ತರ: ಎಲ್ಲೂ ಹಾಕಬೇಡಿ. ಇವೆರಡನ್ನೂ ಸಾಧಿಸುವ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ.

ಸುಮ್ನೆ "ಹಲೋ ವರ್ಲ್ಡ್" ಮಾಡಿದರೆ ನಿಜವಾದ ತೊಂದರೆಗಳು ಕಾಣುವುದೇ ಇಲ್ಲ. ಅದಕ್ಕೇ ಒಂದು ಉಪಯೋಗದ ಉದಾಹರಣೆ ಇಟ್ಟುಕೊಳ್ಳೋಣ. ದಿನಾ ಬೆಳಿಗ್ಗೆ 6 ಗಂಟೆಗೆ ಶಿರಸಿಯ ಮಳೆ ಮುನ್ಸೂಚನೆ ನೋಡಿ, ಮನೆಯವರ ಟೆಲಿಗ್ರಾಂ ಗುಂಪಿಗೆ ಕನ್ನಡದಲ್ಲಿ ಒಂದು ಸಾಲು ಕಳಿಸುವ ಫಂಕ್ಷನ್. ಅಂಗಳದಲ್ಲಿ ಅಡಿಕೆ ಹರವಿದವರಿಗೆ ಆ ಒಂದು ಸಾಲು ಸಾಕು. ನಿಮ್ಮ ಊರು ಬೇರೆಯಾದರೆ ಅಕ್ಷಾಂಶ, ರೇಖಾಂಶ ಬದಲಿಸಿಕೊಳ್ಳಿ.

ಆಜ್ಞೆಗಳನ್ನೂ ಫೈಲ್ ಹೆಸರುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಮಾಡಬೇಕು ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ಮೊದಲು ನಾಲ್ಕು ಪದ

ಸರ್ವರ್‌ಲೆಸ್ ಅಂದರೆ ಸರ್ವರ್ ಇಲ್ಲ ಅಂತಲ್ಲ. ಸರ್ವರ್ ಇದೆ, ಅದನ್ನು ನೋಡಿಕೊಳ್ಳುವ ಕೆಲಸ ನಿಮ್ಮದಲ್ಲ. ಕೋಡ್ ಓಡಿದಷ್ಟು ಹೊತ್ತಿಗೆ ಮಾತ್ರ ದುಡ್ಡು. ಲ್ಯಾಂಬ್ಡಾ ಎನ್ನುವುದು ಎಡಬ್ಲ್ಯೂಎಸ್‌ನ ಇಂಥ ಸೇವೆ. 2014ರ ನವೆಂಬರ್‌ನಲ್ಲಿ ಇದನ್ನು ಘೋಷಿಸಿದರು.

ಸ್ಯಾಮ್ ಎನ್ನುವುದು ಎಡಬ್ಲ್ಯೂಎಸ್ ಕೊಡುವ ಉಚಿತ ಸಲಕರಣೆ. ನಿಮಗೆ ಬೇಕಾದ ಫಂಕ್ಷನ್, ಅದರ ವೇಳಾಪಟ್ಟಿ, ಅದರ ಅನುಮತಿ ಎಲ್ಲವನ್ನೂ ಒಂದು ಟೆಂಪ್ಲೇಟ್ ಫೈಲಿನಲ್ಲಿ ಬರೆದಿಟ್ಟರೆ, ಅದನ್ನು ನೋಡಿ ಎಲ್ಲವನ್ನೂ ಕಟ್ಟಿಕೊಡುತ್ತದೆ. ಹೀಗೆ ಕಟ್ಟಿದ್ದರ ಒಟ್ಟು ಗಂಟಿಗೆ ಸ್ಟ್ಯಾಕ್ ಎನ್ನುತ್ತಾರೆ. ಕಟ್ಟುವ ಕೆಲಸ ಮಾಡುವುದು ಕ್ಲೌಡ್‌ಫಾರ್ಮೇಶನ್ ಎಂಬ ಸೇವೆ.

ಗಿಟ್‌ಹಬ್ ಆ್ಯಕ್ಷನ್ಸ್ ಎಂದರೆ ನೀವು ಕೋಡ್ ಪುಶ್ ಮಾಡಿದ (ಗಿಟ್‌ಹಬ್‌ಗೆ ಕಳಿಸಿದ) ಕೂಡಲೇ ಗಿಟ್‌ಹಬ್‌ನ ಒಂದು ಯಂತ್ರ ಎದ್ದು, ನೀವು ಬರೆದಿಟ್ಟ ಕೆಲಸಗಳನ್ನು ಸಾಲಾಗಿ ಮಾಡುವ ವ್ಯವಸ್ಥೆ. ಸಾರ್ವಜನಿಕ ರೆಪೊಗೆ (ರೆಪೊ ಅಂದರೆ ಗಿಟ್‌ಹಬ್‌ನಲ್ಲಿ ಒಂದು ಯೋಜನೆಯ ಕೋಡ್ ಇಡುವ ಜಾಗ) ಇದು ಉಚಿತ. ಖಾಸಗಿ ರೆಪೊಗೆ ಉಚಿತ ಖಾತೆಯಲ್ಲಿ ತಿಂಗಳಿಗೆ 2,000 ನಿಮಿಷ ಸಿಗುತ್ತದೆ.

ರೋಲ್ ಎಂದರೆ ಎಡಬ್ಲ್ಯೂಎಸ್‌ನಲ್ಲಿ ಸ್ವಲ್ಪ ಹೊತ್ತಿಗೆ ಹಾಕಿಕೊಳ್ಳಬಹುದಾದ ವೇಷ. ಆ ವೇಷ ಯಾರು ಹಾಕಬಹುದು, ಹಾಕಿದವರು ಏನು ಮಾಡಬಹುದು ಎಂಬ ಎರಡು ಪಟ್ಟಿಗಳು ಅದಕ್ಕಿರುತ್ತವೆ. ಈ ಲೇಖನದ ಅರ್ಧ ಕಷ್ಟ ಈ ಎರಡು ಪಟ್ಟಿಗಳಲ್ಲೇ ಇದೆ.

ಏನೇನು ಬೇಕು?

ಎಡಬ್ಲ್ಯೂಎಸ್ ಖಾತೆ, ಗಿಟ್‌ಹಬ್ ಖಾತೆ, ಟೆಲಿಗ್ರಾಂ, ಪೈಥಾನ್, ಗಿಟ್. ಡಾಕರ್ ಬೇಡ. ಲ್ಯಾಪ್‌ಟಾಪಿನಲ್ಲಿ ಎಡಬ್ಲ್ಯೂಎಸ್ ಕೀ ಕೂಡ ಬೇಡ. ಹೆಚ್ಚಿನ ಪಾಠಗಳು ಮೊದಲ ಡಿಪ್ಲಾಯ್ ಅನ್ನು ಲ್ಯಾಪ್‌ಟಾಪಿನಿಂದ ಮಾಡಿಸಿ, ಆಮೇಲೆ ಅದನ್ನು ಗಿಟ್‌ಹಬ್‌ಗೆ ಸಾಗಿಸುತ್ತವೆ. ನಾನು ಹಾಗೆ ಮಾಡಿಸುವುದಿಲ್ಲ. ಒಳಗೆ ಹೋಗುವ ಬಾಗಿಲು ಮೊದಲ ದಿನದಿಂದಲೇ ಒಂದೇ ಇರಲಿ. ಎರಡು ಬಾಗಿಲಿದ್ದರೆ ಯಾವುದರಿಂದ ಏನು ಒಳಹೋಯಿತು ಎಂದು ಮೂರು ತಿಂಗಳ ನಂತರ ನಿಮಗೇ ನೆನಪಿರುವುದಿಲ್ಲ.

ಖರ್ಚಿನ ಭಯವಿದ್ದರೆ ಲೆಕ್ಕ ಹಾಕಿ ನೋಡಿ. ಲ್ಯಾಂಬ್ಡಾದಲ್ಲಿ ತಿಂಗಳಿಗೆ 10 ಲಕ್ಷ ಕರೆಗಳು, 4 ಲಕ್ಷ ಜಿಬಿ-ಸೆಕೆಂಡ್ ಉಚಿತ. ಜಿಬಿ-ಸೆಕೆಂಡ್ ಅಂದರೆ 1 ಜಿಬಿ ಮೆಮೊರಿಯನ್ನು 1 ಸೆಕೆಂಡ್ ಬಳಸಿದ ಅಳತೆ. ನಮ್ಮ ಫಂಕ್ಷನ್ 128 ಎಂಬಿಯಲ್ಲಿ ದಿನಕ್ಕೊಮ್ಮೆ 5 ಸೆಕೆಂಡ್ ಓಡಿದರೂ ತಿಂಗಳಿಗೆ 20 ಜಿಬಿ-ಸೆಕೆಂಡ್ ಕೂಡ ಆಗುವುದಿಲ್ಲ.

ಹಂತ 1: ಖಾತೆಗೆ ಬೇಲಿ ಹಾಕಿ

ರೂಟ್ ಖಾತೆಗೆ, ಅಂದರೆ ಇಮೇಲ್ ಕೊಟ್ಟು ತೆರೆದ ಮೂಲ ಲಾಗಿನ್‌ಗೆ, ಎರಡನೇ ಹಂತದ ಪರಿಶೀಲನೆ ಹಾಕಿ. ಬಿಲ್ಲಿಂಗ್ ಪುಟದ ಬಜೆಟ್ಸ್‌ನಲ್ಲಿ "ಶೂನ್ಯ ಖರ್ಚು" ಎಂಬ ಸಿದ್ಧ ಮಾದರಿ ಇದೆ, ಅದನ್ನು ಆರಿಸಿ ನಿಮ್ಮ ಇಮೇಲ್ ಕೊಡಿ. ಪೈಸೆ ಖರ್ಚು ಶುರುವಾದರೂ ಪತ್ರ ಬರುತ್ತದೆ. ಗಮನಿಸಿ, ಬಜೆಟ್ ಎಚ್ಚರಿಸುತ್ತದೆ ಅಷ್ಟೇ. ಖರ್ಚನ್ನು ತಡೆಯುವುದಿಲ್ಲ.

ಮೇಲ್ಗಡೆ ಪ್ರದೇಶ ಆರಿಸುವಲ್ಲಿ ಮುಂಬೈ ಇಟ್ಟುಕೊಳ್ಳಿ. ಹೈದರಾಬಾದ್ ಕೂಡ ಇದೆ, ಆದರೆ ಅದನ್ನು ಬೇರೆಯಾಗಿ ಸಕ್ರಿಯ ಮಾಡಬೇಕು. "ನಿನ್ನೆ ಮಾಡಿದ ಫಂಕ್ಷನ್ ಇವತ್ತು ಕಾಣ್ತಾನೇ ಇಲ್ಲ" ಎನ್ನುವವರ ಪರದೆಯ ಮೇಲ್ಮೂಲೆಯಲ್ಲಿ ಸಾಮಾನ್ಯವಾಗಿ ಬೇರೆ ಪ್ರದೇಶವಿರುತ್ತದೆ.

ಹಂತ 2: ಟೆಲಿಗ್ರಾಂ ಬಾಟ್ ಮತ್ತು ಗುಟ್ಟಿನ ಟೋಕನ್

ಟೆಲಿಗ್ರಾಂನಲ್ಲಿ ಬಾಟ್‌ಫಾದರ್ ಎಂಬ ಅಧಿಕೃತ ಬಾಟ್ ಇದೆ. ಅದಕ್ಕೆ ನ್ಯೂಬಾಟ್ ಆಜ್ಞೆ ಕೊಟ್ಟು ಹೆಸರು ಹೇಳಿದರೆ ಒಂದು ಉದ್ದದ ಟೋಕನ್ ಸಿಗುತ್ತದೆ. ಈ ಟೋಕನ್ ಕೈಗೆ ಸಿಕ್ಕವರೆಲ್ಲ ನಿಮ್ಮ ಬಾಟ್ ಆಗಿ ಮಾತಾಡಬಹುದು. ಬಾಟನ್ನು ಮನೆಯ ಗುಂಪಿಗೆ ಸೇರಿಸಿ, ಗುಂಪಿನಲ್ಲಿ ಅದಕ್ಕೊಂದು ಆಜ್ಞೆ ಕಳಿಸಿ, ಆಮೇಲೆ ಬ್ರೌಸರಿನಲ್ಲಿ ನಿಮ್ಮ ಟೋಕನ್ ಸೇರಿಸಿ ಟೆಲಿಗ್ರಾಂ ಬಾಟ್ ಎಪಿಐನ ಗೆಟ್‌ಅಪ್‌ಡೇಟ್ಸ್ ವಿಳಾಸ ತೆರೆದರೆ ಗುಂಪಿನ ಚಾಟ್ ಐಡಿ ಕಾಣುತ್ತದೆ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಗುಂಪಿನ ಐಡಿ ಋಣ ಸಂಖ್ಯೆ, ಮುಂದಿನ ಮೈನಸ್ ಗುರುತನ್ನೂ ಸೇರಿಸಿಯೇ ನಕಲು ಮಾಡಬೇಕು. ಇನ್ನು, ಗುಂಪಿನ ಬದಲು ಒಬ್ಬರಿಗೇ ಕಳಿಸುವುದಾದರೆ ಅವರು ಮೊದಲು ಬಾಟ್‌ಗೆ ಸ್ಟಾರ್ಟ್ ಒತ್ತಿರಬೇಕು. ಬಾಟ್ ತಾನಾಗಿ ಮಾತು ಶುರು ಮಾಡುವಂತಿಲ್ಲ.

ಟೋಕನ್ ಎಲ್ಲಿಡಬೇಕು? ಕೋಡಿನಲ್ಲಿ ಬೇಡ, ಟೆಂಪ್ಲೇಟಿನಲ್ಲೂ ಬೇಡ. ಎಡಬ್ಲ್ಯೂಎಸ್ ಕನ್ಸೋಲ್‌ನಲ್ಲಿ (ಬ್ರೌಸರಿನಲ್ಲಿ ತೆರೆಯುವ ಎಡಬ್ಲ್ಯೂಎಸ್ ಪುಟ) ಸಿಸ್ಟಮ್ಸ್ ಮ್ಯಾನೇಜರ್ ಒಳಗೆ ಪ್ಯಾರಾಮೀಟರ್ ಸ್ಟೋರ್ ಇದೆ. ಅಲ್ಲಿ ಸೆಕ್ಯೂರ್‌ಸ್ಟ್ರಿಂಗ್ ಬಗೆಯಲ್ಲಿ, ಸ್ಟ್ಯಾಂಡರ್ಡ್ ದರ್ಜೆಯಲ್ಲಿ, "ಮಳೆ-ಟೋಕನ್" ಎಂಬ ಹೆಸರಿನಿಂದ ಇಡಿ. ದುಡ್ಡು ಬೀಳುವುದಿಲ್ಲ. ಸೀಕ್ರೆಟ್ಸ್ ಮ್ಯಾನೇಜರ್ ಎಂಬ ಇನ್ನೊಂದು ಸೇವೆಯೂ ಇದೆ, ಅದಕ್ಕೆ ಗುಟ್ಟೊಂದಕ್ಕೆ ತಿಂಗಳಿಗೆ 40 ಸೆಂಟ್. ನಮ್ಮ ಕೆಲಸಕ್ಕೆ ಅದು ಜಾಸ್ತಿಯಾಯಿತು. ಕ್ಲೌಡ್‌ಫಾರ್ಮೇಶನ್ ಸೆಕ್ಯೂರ್‌ಸ್ಟ್ರಿಂಗ್ ಅನ್ನು ಮಾಡಿಕೊಡುವುದಿಲ್ಲ, ಹಾಗಾಗಿ ಇದೊಂದನ್ನು ಕೈಯಲ್ಲೇ ಮಾಡಬೇಕು.

ಟೋಕನ್ ಅಕಸ್ಮಾತ್ ಗಿಟ್‌ಗೆ ಹೋಗಿಬಿಟ್ಟರೆ ಆ ಸಾಲು ಅಳಿಸಿ ಮತ್ತೆ ಕಮಿಟ್ ಮಾಡಿದರೆ ಸಾಲದು. ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಇರುತ್ತದೆ. ಬಾಟ್‌ಫಾದರ್‌ಗೆ ಹೇಳಿ ಟೋಕನ್ ರದ್ದು ಮಾಡಿಸಿ, ಹೊಸದು ಪಡೆಯಿರಿ.

ಹಂತ 3: ಫಂಕ್ಷನ್ ಬರೆಯಿರಿ

ಮುನ್ಸೂಚನೆಗೆ ಓಪನ್-ಮೀಟಿಯೊ ಬಳಸೋಣ. ವಾಣಿಜ್ಯ ಬಳಕೆ ಅಲ್ಲದಿದ್ದರೆ ಉಚಿತ, ನೋಂದಣಿಯೂ ಬೇಡ. ಶಿರಸಿಗೆ ಅಕ್ಷಾಂಶ 14.62, ರೇಖಾಂಶ 74.84 ಕೊಡಿ. ದಿನದ ಒಟ್ಟು ಮಳೆ ಮತ್ತು ಮಳೆಯ ಸಾಧ್ಯತೆ ಕೇಳಿ. ಸಮಯವಲಯವನ್ನು ಏಷ್ಯಾ/ಕೋಲ್ಕತಾ ಎಂದು ಕೊಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ನಮ್ಮ "ದಿನ" ಎಲ್ಲಿ ಶುರುವಾಗುತ್ತದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.

ಕೋಡನ್ನು ಎರಡು ತುಂಡು ಮಾಡಿ. ಒಂದು ತುಂಡು ಅಂಕಿ ತೆಗೆದುಕೊಂಡು ಕನ್ನಡದ ಸಾಲು ಕಟ್ಟುತ್ತದೆ: ಮಳೆ ಇಷ್ಟು ಮಿಲಿಮೀಟರ್, ಅಡಿಕೆ ಹರವಬಹುದು ಅಥವಾ ಬೇಡ. ಇದಕ್ಕೆ ಇಂಟರ್ನೆಟ್ ಬೇಕಿಲ್ಲ, ಎಡಬ್ಲ್ಯೂಎಸ್ ಬೇಕಿಲ್ಲ. ಹಾಗಾಗಿ ಲ್ಯಾಪ್‌ಟಾಪಿನಲ್ಲೇ ಪೈಟೆಸ್ಟ್ ಎಂಬ ಪರೀಕ್ಷೆಯ ಸಲಕರಣೆಯಿಂದ ಪರೀಕ್ಷಿಸಬಹುದು. ಇನ್ನೊಂದು ತುಂಡು ಹ್ಯಾಂಡ್ಲರ್. ಲ್ಯಾಂಬ್ಡಾ ಕರೆಯುವುದು ಅದನ್ನೇ. ಅದು ಮುನ್ಸೂಚನೆ ತರುತ್ತದೆ, ಟೋಕನ್ ಓದುತ್ತದೆ, ಕೊನೆಯಲ್ಲಿ ಸಂದೇಶ ಕಳಿಸುತ್ತದೆ.

"ಕೊನೆಯಲ್ಲಿ" ಎಂದದ್ದಕ್ಕೆ ಕಾರಣವಿದೆ. ವೇಳಾಪಟ್ಟಿಯಿಂದ ಬರುವ ಕರೆ ವಿಫಲವಾದರೆ ಲ್ಯಾಂಬ್ಡಾ ತಾನಾಗೇ ಇನ್ನೂ ಎರಡು ಸಲ ಪ್ರಯತ್ನಿಸುತ್ತದೆ. ಸಂದೇಶ ಕಳಿಸಿದ ಮೇಲೆ ಮತ್ತೇನೋ ಮಾಡಲು ಹೋಗಿ ಅಲ್ಲಿ ಕೋಡ್ ಬಿದ್ದರೆ, ಮನೆಯವರಿಗೆ ಒಂದೇ ಸಂದೇಶ ಮೂರು ಸಲ ಬರುತ್ತದೆ. ಇದೇ ಜಾಗದಲ್ಲಿ ದುಡ್ಡು ಕಡಿಯುವ ಕೋಡ್ ಇದ್ದಿದ್ದರೆ?

ಬೇರೆ ಲೈಬ್ರರಿ ಬೇಕಾಗಿಲ್ಲ. ಪೈಥಾನ್ ಜೊತೆಗೇ ಬರುವ ಯುಆರ್‌ಎಲ್‌ಲಿಬ್ ಸಾಕು. ಪ್ಯಾರಾಮೀಟರ್ ಓದುವ ಬೋಟೊ3 ಲ್ಯಾಂಬ್ಡಾದಲ್ಲಿ ಮೊದಲೇ ಇರುತ್ತದೆ. ಓದುವಾಗ ವಿತ್‌ಡಿಕ್ರಿಪ್ಶನ್ ಅನ್ನು ಟ್ರೂ ಎಂದು ಕೊಡಿ, ಇಲ್ಲವಾದರೆ ಟೋಕನ್ ಬದಲು ಗೂಢಲಿಪಿಯ ಕಸ ಬರುತ್ತದೆ. ಹೊರಗಿನ ಪ್ರತಿ ಕರೆಗೂ 8 ಸೆಕೆಂಡಿನ ಮಿತಿ ಇಡಿ.

ಕನ್ನಡಕ್ಕೇ ಸಂಬಂಧಿಸಿದ ಒಂದು ಮಾತು. ಪೈಥಾನ್‌ನ ಜೇಸನ್ ಡಂಪ್ಸ್ ಕನ್ನಡ ಅಕ್ಷರಗಳನ್ನು ಹಾಗೇ ಬರೆಯುವುದಿಲ್ಲ, ಓರೆಗೆರೆ ಮತ್ತು ಯೂನಿಕೋಡ್ ಸಂಖ್ಯೆಗಳಾಗಿ ಬರೆಯುತ್ತದೆ. ಟೆಲಿಗ್ರಾಂಗೆ ಅದು ಅರ್ಥವಾಗುತ್ತದೆ, ಆದರೆ ಲಾಗ್ ಓದುವ ನಿಮಗೆ ಆಗುವುದಿಲ್ಲ. ಎನ್ಶೂರ್ ಆ್ಯಸ್ಕಿ ಎಂಬುದನ್ನು ಫಾಲ್ಸ್ ಮಾಡಿ.

ಕೋಡಿಗೆಲ್ಲ ಒಂದು ದೊಡ್ಡ ಟ್ರೈ-ಎಕ್ಸೆಪ್ಟ್ ಮುಚ್ಚಳ ಹಾಕಬೇಡಿ. ದೋಷ ಹೊರಗೆ ಬೀಳಲಿ. ನೀವೇ ಅದನ್ನು ನುಂಗಿಕೊಂಡರೆ ಲ್ಯಾಂಬ್ಡಾ ಎಲ್ಲ ಸರಿಯಿದೆ ಎಂದುಕೊಳ್ಳುತ್ತದೆ. ಮುಂದೆ ಹಾಕುವ ಅಲಾರಂ ಬಾಯಿ ಬಿಡುವುದೇ ಇಲ್ಲ.

ಹಂತ 4: ಟೆಂಪ್ಲೇಟ್

ರೆಪೊದ ಮೇಲ್ಮಟ್ಟದಲ್ಲಿ ಟೆಂಪ್ಲೇಟ್.ಯಾಮಲ್ ಎಂಬ ಫೈಲ್ ಮಾಡಿ. ಯಾಮಲ್‌ನಲ್ಲಿ ಸಾಲುಗಳ ಮುಂದಿನ ಖಾಲಿ ಜಾಗಕ್ಕೂ ಅರ್ಥವಿದೆ. ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ. ಇದರಲ್ಲಿ ಬರೆಯಬೇಕಾದದ್ದು ಇಷ್ಟು:

1. ಟ್ರಾನ್ಸ್‌ಫಾರ್ಮ್ ಸಾಲು. ಇದು ಸ್ಯಾಮ್ ಟೆಂಪ್ಲೇಟ್ ಎಂದು ಹೇಳುವುದೇ ಈ ಸಾಲು.
2. ಫಂಕ್ಷನ್: ರನ್‌ಟೈಮ್ ಪೈಥಾನ್ 3.13, ಮೆಮೊರಿ 128, ಟೈಮ್‌ಔಟ್ 20 ಸೆಕೆಂಡ್. ಟೈಮ್‌ಔಟ್ ಬರೆಯದಿದ್ದರೆ ಬರೀ 3 ಸೆಕೆಂಡ್ ಸಿಗುತ್ತದೆ. ಗರಿಷ್ಠ 15 ನಿಮಿಷ.
3. ಮರುಪ್ರಯತ್ನದ ಸಂಖ್ಯೆ: ನಮಗೆ 1 ಸಾಕು.
4. ಅನುಮತಿ: ಎಸ್‌ಎಸ್‌ಎಂ ಪ್ಯಾರಾಮೀಟರ್ ರೀಡ್ ಪಾಲಿಸಿ ಎಂಬ ಸಿದ್ಧ ಪಾಲಿಸಿಗೆ "ಮಳೆ-ಟೋಕನ್" ಹೆಸರು ಕೊಡಿ. ಹೆಸರಿನ ಮುಂದೆ ಓರೆಗೆರೆ ಇದ್ದರೆ ಈ ಪಾಲಿಸಿ ಕೆಲಸ ಮಾಡುವುದಿಲ್ಲ. ಅದಕ್ಕೇ ಓರೆಗೆರೆ ಇಲ್ಲದ ಹೆಸರು ಆರಿಸಿದ್ದು.
5. ಚಾಟ್ ಐಡಿ: ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ, ಉದ್ಧರಣ ಚಿಹ್ನೆಯೊಳಗೆ.
6. ಲಾಗ್ ಗುಂಪು: 14 ದಿನಕ್ಕೆ ಅಳಿಸುವಂತೆ. ಸುಮ್ಮನೆ ಬಿಟ್ಟರೆ ಲಾಗ್ ಎಂದೆಂದಿಗೂ ಉಳಿಯುತ್ತದೆ. ಇದನ್ನು ಮೊದಲ ಡಿಪ್ಲಾಯ್‌ಗೇ ಸೇರಿಸಿ. ಆಮೇಲೆ ಸೇರಿಸ ಹೊರಟರೆ, ಲ್ಯಾಂಬ್ಡಾ ಆಗಲೇ ಅದೇ ಹೆಸರಿನ ಗುಂಪು ಮಾಡಿಟ್ಟಿರುತ್ತದೆ. "ಇದು ಆಗಲೇ ಇದೆ" ಎಂದು ಡಿಪ್ಲಾಯ್ ಬೀಳುತ್ತದೆ.
7. ವೇಳಾಪಟ್ಟಿ.

ವೇಳಾಪಟ್ಟಿಗೆ ಸ್ಯಾಮ್‌ನಲ್ಲಿ ಎರಡು ಬಗೆ ಇವೆ. ಹಳೆಯ ಶೆಡ್ಯೂಲ್ ಯುಟಿಸಿ ಎಂಬ ಜಾಗತಿಕ ಕಾಲದಲ್ಲಷ್ಟೇ ಲೆಕ್ಕ ಹಾಕುತ್ತದೆ. ಅಲ್ಲಿ 6 ಗಂಟೆ ಎಂದು ಬರೆದರೆ ನಮ್ಮ ಕಾಲ 11.30ಕ್ಕೆ ಸಂದೇಶ ಬರುತ್ತದೆ, ಅಷ್ಟರಲ್ಲಿ ಅಡಿಕೆ ನೆನೆದಿರುತ್ತದೆ. ಶೆಡ್ಯೂಲ್ ವಿ2 ಬಳಸಿ, ಸಮಯವಲಯ ಏಷ್ಯಾ/ಕೋಲ್ಕತಾ ಕೊಟ್ಟು, ಕ್ರಾನ್ ಆವರಣದೊಳಗೆ 0 6 * * ? * ಎಂದು ಬರೆಯಿರಿ. ಕ್ರಾನ್ ಎಂದರೆ ಸಮಯ ಬರೆಯುವ ಸಂಕ್ಷಿಪ್ತ ರೀತಿ. ಲಿನಕ್ಸ್‌ನಲ್ಲಿ ಐದು ಮನೆ, ಇಲ್ಲಿ ಆರು. ತಿಂಗಳ ದಿನ, ವಾರದ ದಿನ ಈ ಎರಡರಲ್ಲಿ ಒಂದು ಕಡೆ ಪ್ರಶ್ನಾರ್ಥಕ ಚಿಹ್ನೆ ಇರಲೇಬೇಕು.

"ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲೇ ವೇಳಾಪಟ್ಟಿ ಇದೆಯಲ್ಲ, ಲ್ಯಾಂಬ್ಡಾ ಯಾಕೆ?" ಎಂದು ಕೇಳಬಹುದು. ಇದೆ. ಆದರೆ ಅದು ಸಮಯಕ್ಕೆ ಸರಿಯಾಗಿ ಓಡುವ ಖಾತ್ರಿಯಿಲ್ಲ. ಸಾರ್ವಜನಿಕ ರೆಪೊದಲ್ಲಿ 60 ದಿನ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಗಿಟ್‌ಹಬ್ ಆ ವೇಳಾಪಟ್ಟಿಯನ್ನು ನಿಲ್ಲಿಸಿಯೂ ಬಿಡುತ್ತದೆ.

ಇನ್ನೊಂದು ಚಿಕ್ಕ ಫೈಲ್ ಬೇಕು, ಸ್ಯಾಮ್‌ಕಾನ್ಫಿಗ್.ಟಾಮಲ್. ಸ್ಟ್ಯಾಕ್ ಹೆಸರು, ಪ್ರದೇಶ, ಕೋಡ್ ಇಡುವ ಬಕೆಟನ್ನು (ಎಸ್3 ಎಂಬ ಸಂಗ್ರಹ ಸೇವೆಯಲ್ಲಿನ ಜಾಗ) ತಾನೇ ಮಾಡಿಕೊಳ್ಳಲು ರಿಸಾಲ್ವ್ ಎಸ್3 ಟ್ರೂ, ರೋಲ್ ಮಾಡಲು ಒಪ್ಪಿಗೆ ಕೊಡುವ ಕೇಪಬಿಲಿಟಿ ಐಎಎಂ (ಐಎಎಂ ಅಂದರೆ ಯಾರಿಗೆ ಯಾವ ಅನುಮತಿ ಎಂದು ನೋಡಿಕೊಳ್ಳುವ ಎಡಬ್ಲ್ಯೂಎಸ್ ಸೇವೆ) ಇವು ನಾಲ್ಕು ಅದರಲ್ಲಿರಲಿ. ಜೊತೆಗೆ ಕನ್ಫರ್ಮ್ ಚೇಂಜ್‌ಸೆಟ್, ಫೇಲ್ ಆನ್ ಎಂಪ್ಟಿ ಚೇಂಜ್‌ಸೆಟ್ ಎರಡನ್ನೂ ಫಾಲ್ಸ್ ಮಾಡಿ. ಮೊದಲನೆಯದು ಟ್ರೂ ಇದ್ದರೆ, ಯಾರೂ ಕೂತಿರದ ಯಂತ್ರದಲ್ಲಿ ಸ್ಯಾಮ್ "ಹೌದೋ ಅಲ್ಲವೋ" ಎಂದು ಕೇಳಲು ಹೋಗಿ ಡಿಪ್ಲಾಯ್ ಅಲ್ಲಿಗೇ ನಿಲ್ಲುತ್ತದೆ. ಎರಡನೆಯದು, ರೀಡ್‌ಮಿ ತಿದ್ದಿದ್ದಕ್ಕೆಲ್ಲ ಕೆಂಪು ಗುರುತು ಬೀಳದಿರಲಿ ಎಂದು.

ಹಂತ 5: ಗಿಟ್‌ಹಬ್‌ಗೆ ಒಳಗೆ ಬರಲು ಬಿಡುವುದು

ಇಲ್ಲಿ ನಿಧಾನ ಮಾಡಿ. ಫಂಕ್ಷನ್ ಒಂದು ಗಂಟೆಯ ಕೆಲಸ, ಇದಕ್ಕೆ ಒಂದು ಮಧ್ಯಾಹ್ನ ಬೇಕಾದೀತು.

ಹಳೆಯ ಪದ್ಧತಿ ಎಂದರೆ ಐಎಎಂ ಬಳಕೆದಾರನನ್ನು ಮಾಡಿ, ಅವನ ಕೀ ಜೋಡಿಯನ್ನು ಗಿಟ್‌ಹಬ್ ಸೀಕ್ರೆಟ್ಸ್‌ನಲ್ಲಿ ಇಡುವುದು. ಆ ಕೀಗೆ ಮುಕ್ತಾಯ ದಿನಾಂಕವಿಲ್ಲ. ಒಮ್ಮೆ ಸೋರಿದರೆ ನೀವು ಗಮನಿಸುವವರೆಗೂ ಬಾಗಿಲು ತೆರೆದೇ ಇರುತ್ತದೆ. ಈಗಿನ ಪದ್ಧತಿ ಓಐಡಿಸಿ, ಅಂದರೆ ಓಪನ್‌ಐಡಿ ಕನೆಕ್ಟ್. ಇದರಲ್ಲಿ ಗಿಟ್‌ಹಬ್ ಪ್ರತಿ ಓಟಕ್ಕೂ "ಇದು ಇಂಥ ರೆಪೊದ ಇಂಥ ಶಾಖೆಯಿಂದ ಬಂದ ಕೆಲಸ" ಎಂದು ಸಹಿ ಹಾಕಿದ ಚೀಟಿ ಕೊಡುತ್ತದೆ. ಎಡಬ್ಲ್ಯೂಎಸ್ ಆ ಚೀಟಿ ಪರೀಕ್ಷಿಸಿ, ಸಾಮಾನ್ಯವಾಗಿ ಒಂದು ಗಂಟೆ ಬಾಳುವ ತಾತ್ಕಾಲಿಕ ಅನುಮತಿ ಕೊಡುತ್ತದೆ. ಕದಿಯಲು ಕಾಯಂ ಕೀಯೇ ಇರುವುದಿಲ್ಲ.

ಮಾಡುವುದು ಹೀಗೆ. ಐಎಎಂ ಪುಟದಲ್ಲಿ ಐಡೆಂಟಿಟಿ ಪ್ರೊವೈಡರ್ಸ್‌ಗೆ ಹೋಗಿ, ಓಪನ್‌ಐಡಿ ಕನೆಕ್ಟ್ ಆರಿಸಿ. ವಿಳಾಸ: ಟೋಕನ್.ಆ್ಯಕ್ಷನ್ಸ್.ಗಿಟ್‌ಹಬ್‌ಯೂಸರ್‌ಕಂಟೆಂಟ್.ಕಾಮ್, ಮುಂದೆ ಎಚ್‌ಟಿಟಿಪಿಎಸ್ ಸೇರಿಸಿ. ಆಡಿಯೆನ್ಸ್: ಎಸ್‌ಟಿಎಸ್.ಅಮೆಜಾನ್‌ಎಡಬ್ಲ್ಯೂಎಸ್.ಕಾಮ್. ಆಮೇಲೆ ವೆಬ್ ಐಡೆಂಟಿಟಿ ಬಗೆಯ ರೋಲ್ ಮಾಡಿ. ಗಿಟ್‌ಹಬ್ ಮಾಲೀಕರ ಹೆಸರು, ರೆಪೊ, ಶಾಖೆ ಮೂರನ್ನೂ ಅಲ್ಲೇ ಕೇಳುತ್ತದೆ. ರೆಪೊ ಮತ್ತು ಶಾಖೆ ಖಾಲಿ ಬಿಡಬಹುದು, ಆದರೆ ಬಿಡಬೇಡಿ. ಖಾಲಿ ಬಿಟ್ಟರೆ ನಿಮ್ಮ ಯಾವ ರೆಪೊ, ಯಾವ ಶಾಖೆಯಿಂದ ಬೇಕಾದರೂ ಈ ವೇಷ ಹಾಕಬಹುದು.

"ನಾಟ್ ಆಥರೈಸ್ಡ್ ಟು ಪರ್ಫಾರ್ಮ್ ಅಸ್ಯೂಮ್ ರೋಲ್ ವಿತ್ ವೆಬ್ ಐಡೆಂಟಿಟಿ" (ವೇಷ ಹಾಕಲು ಅನುಮತಿಯಿಲ್ಲ) ಎಂಬ ದೋಷವೋ, ರೋಲ್ ಹಾಕಿಕೊಳ್ಳುವಾಗ ಬೇರೆ ದೋಷವೋ ಬಂತಾ? ಈ ಕ್ರಮದಲ್ಲಿ ನೋಡಿ:

1. ವರ್ಕ್‌ಫ್ಲೋ ಫೈಲಿನಲ್ಲಿ (ಗಿಟ್‌ಹಬ್ ಮಾಡಬೇಕಾದ ಕೆಲಸಗಳ ಪಟ್ಟಿ, ಹಂತ 6ರಲ್ಲಿ ಬರುತ್ತದೆ) ಐಡಿ-ಟೋಕನ್‌ಗೆ ರೈಟ್ ಅನುಮತಿ ಕೊಟ್ಟಿದ್ದೀರಾ? ಇದಿಲ್ಲದಿದ್ದರೆ ಗಿಟ್‌ಹಬ್ ಚೀಟಿಯನ್ನೇ ಕೊಡುವುದಿಲ್ಲ.
2. ಶಾಖೆಯ ಹೆಸರು ಮೇನ್ ಆ, ಮಾಸ್ಟರ್ ಆ?
3. ವರ್ಕ್‌ಫ್ಲೋದಲ್ಲಿ ಎನ್ವಿರಾನ್‌ಮೆಂಟ್ ಎಂಬ ಸಾಲು ಸೇರಿಸಿದ್ದೀರಾ? ಸೇರಿಸಿದರೆ ಚೀಟಿಯಲ್ಲಿ ಶಾಖೆಯ ಜಾಗದಲ್ಲಿ ಎನ್ವಿರಾನ್‌ಮೆಂಟ್ ಹೆಸರು ಬರುತ್ತದೆ. ರೋಲ್‌ನ ಷರತ್ತು ಅದಕ್ಕೆ ಹೊಂದುವುದಿಲ್ಲ. ತಲೆ ಕೆಡಿಸಿಕೊಂಡು ಕೂರುವವರಲ್ಲಿ ಹೆಚ್ಚಿನವರ ಉತ್ತರ ಇಲ್ಲೇ ಸಿಗುತ್ತದೆ.

ಇನ್ನು, ಈ ರೋಲ್ ಏನು ಮಾಡಬಹುದು? ಎಲ್ಲರೂ ಅಡ್ಮಿನಿಸ್ಟ್ರೇಟರ್ ಆ್ಯಕ್ಸೆಸ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಕಲಿಯಲೆಂದೇ ತೆರೆದ, ಬೇರೇನೂ ಇಲ್ಲದ ಖಾತೆಯಾದರೆ ಮೊದಲ ದಿನಕ್ಕೆ ಅದನ್ನು ನಾನೂ ಒಪ್ಪುತ್ತೇನೆ. ಕಂಪನಿಯ ಖಾತೆಯಲ್ಲಿ ಖಂಡಿತ ಬೇಡ. ಬೇಕಿರುವುದು ಕ್ಲೌಡ್‌ಫಾರ್ಮೇಶನ್, ಎಸ್3, ಲ್ಯಾಂಬ್ಡಾ, ವೇಳಾಪಟ್ಟಿ ನಡೆಸುವ ಇವೆಂಟ್‌ಬ್ರಿಡ್ಜ್ ಶೆಡ್ಯೂಲರ್, ಲಾಗ್ಸ್, ಅಲಾರಂ, ಎಚ್ಚರಿಕೆಯ ಇಮೇಲ್ ಕಳಿಸುವ ಎಸ್‌ಎನ್‌ಎಸ್, ಐಎಎಂ ಇಷ್ಟೇ. ಐಎಎಂ ಅನುಮತಿಯನ್ನು ನಿಮ್ಮ ಸ್ಟ್ಯಾಕ್ ಹೆಸರಿನಿಂದ ಶುರುವಾಗುವ ರೋಲ್‌ಗಳಿಗಷ್ಟೇ ಸೀಮಿತ ಮಾಡಿ, ಏಕೆಂದರೆ ಸ್ಯಾಮ್ ಮಾಡುವ ರೋಲ್‌ಗಳ ಹೆಸರು ಹಾಗೇ ಇರುತ್ತದೆ. ಕ್ಲೌಡ್‌ಫಾರ್ಮೇಶನ್ ಅನ್ನು ನಿಮ್ಮ ಸ್ಟ್ಯಾಕಿಗೆ ಸೀಮಿತ ಮಾಡುವಾಗ ಎರಡು ವಿಷಯ ಬಿಟ್ಟುಹೋಗುತ್ತವೆ: ಬಕೆಟ್‌ಗಾಗಿ ಸ್ಯಾಮ್ ತಾನೇ ಮಾಡಿಕೊಳ್ಳುವ ಇನ್ನೊಂದು ಸ್ಟ್ಯಾಕ್, ಮತ್ತು ಸರ್ವರ್‌ಲೆಸ್ ಟ್ರಾನ್ಸ್‌ಫಾರ್ಮ್ ಬಳಸುವ ಅನುಮತಿ. ಅವನ್ನೂ ಪಟ್ಟಿಗೆ ಸೇರಿಸಿ.

ಹಂತ 6: ವರ್ಕ್‌ಫ್ಲೋ ಫೈಲ್

ಡಾಟ್‌ಗಿಟ್‌ಹಬ್ ಫೋಲ್ಡರಿನೊಳಗೆ ವರ್ಕ್‌ಫ್ಲೋಸ್ ಫೋಲ್ಡರ್, ಅದರಲ್ಲಿ ಡಿಪ್ಲಾಯ್.ಯಾಮಲ್. ಮೇನ್‌ಗೆ ಪುಶ್ ಆದಾಗ ಓಡಲಿ. ಕೆಲಸಗಳ ಸಾಲು: ಕೋಡ್ ತರುವುದು, ಪೈಥಾನ್ ಹಾಕುವುದು, ಪೈಟೆಸ್ಟ್ ಓಡಿಸುವುದು, ಸ್ಯಾಮ್ ಹಾಕುವುದು, ಸ್ಯಾಮ್ ಬಿಲ್ಡ್, ರೋಲ್ ಹಾಕಿಕೊಳ್ಳುವುದು, ಸ್ಯಾಮ್ ಡಿಪ್ಲಾಯ್. ಪರೀಕ್ಷೆ ಬಿದ್ದರೆ ಅಲ್ಲೇ ನಿಲ್ಲುತ್ತದೆ. ರೋಲ್ ಹಾಕಿಕೊಳ್ಳುವುದನ್ನು ಆದಷ್ಟು ಕೊನೆಗೆ ಇಟ್ಟಿರುವುದು ಬೇಕೆಂದೇ.

ಇಲ್ಲಿನ ಪೈಥಾನ್ ಆವೃತ್ತಿ ಟೆಂಪ್ಲೇಟಿನದ್ದೇ ಆಗಿರಬೇಕು. ಇಲ್ಲದಿದ್ದರೆ ಬಿಲ್ಡ್ "ಸರಿಯಾದ ಪೈಥಾನ್ ಸಿಗಲಿಲ್ಲ" ಎಂದು ನಿಲ್ಲುತ್ತದೆ. ಆವೃತ್ತಿಯನ್ನು ಉದ್ಧರಣ ಚಿಹ್ನೆಯೊಳಗೆ ಬರೆಯುವುದು ಒಳ್ಳೆಯ ಅಭ್ಯಾಸ. ಯಾಮಲ್ 3.10 ಅನ್ನು ಸಂಖ್ಯೆ ಎಂದುಕೊಂಡು 3.1 ಮಾಡಿಬಿಡುತ್ತದೆ!

ಕನ್ಕರೆನ್ಸಿ ಗುಂಪಿನ ಸಾಲನ್ನೂ ಸೇರಿಸಿ. ಐದು ನಿಮಿಷದೊಳಗೆ ಎರಡು ಸಲ ಪುಶ್ ಮಾಡಿದರೆ ಎರಡನೆಯದು ಕಾಯಲಿ. ಒಂದೇ ಸ್ಟ್ಯಾಕಿನ ಮೇಲೆ ಎರಡು ಡಿಪ್ಲಾಯ್ ಒಟ್ಟಿಗೆ ನಡೆಯುವುದಿಲ್ಲ.

ಬೇರೆಯವರು ಬರೆದ ಆ್ಯಕ್ಷನ್‌ಗಳನ್ನು ಬಳಸುವಾಗ ವಿ4 ಎಂಬಂಥ ಟ್ಯಾಗ್ ಬದಲು ಕಮಿಟ್‌ನ ಪೂರ್ತಿ ಸಂಖ್ಯೆ ಬರೆಯಿರಿ. ಟ್ಯಾಗ್ ಅನ್ನು ಯಾವಾಗ ಬೇಕಾದರೂ ಬೇರೆ ಕೋಡಿನ ಕಡೆ ತಿರುಗಿಸಬಹುದು. 2025ರ ಮಾರ್ಚ್‌ನಲ್ಲಿ ಟಿಜೆ-ಆ್ಯಕ್ಷನ್ಸ್‌ನ ಚೇಂಜ್ಡ್-ಫೈಲ್ಸ್ ಎಂಬ ಜನಪ್ರಿಯ ಆ್ಯಕ್ಷನ್‌ಗೆ ದಾಳಿಕೋರರು ಮಾಡಿದ್ದು ಇದನ್ನೇ. ಅದನ್ನು ಬಳಸುತ್ತಿದ್ದ ರೆಪೊಗಳ ಗುಟ್ಟುಗಳು ಲಾಗ್‌ನಲ್ಲಿ ಅಚ್ಚಾದವು.

ಈಗ ಪುಶ್ ಮಾಡಿ. ಮೊದಲ ಡಿಪ್ಲಾಯ್ ಮಧ್ಯದಲ್ಲಿ ಬಿದ್ದರೆ ಸ್ಟ್ಯಾಕ್ "ರೋಲ್‌ಬ್ಯಾಕ್ ಕಂಪ್ಲೀಟ್" ಸ್ಥಿತಿಯಲ್ಲಿ ಕೂತುಬಿಡಬಹುದು. ಅದರ ಮೇಲೆ ಎಷ್ಟು ಸಲ ಡಿಪ್ಲಾಯ್ ಮಾಡಿದರೂ ಆಗುವುದಿಲ್ಲ. ಕನ್ಸೋಲ್‌ನಲ್ಲಿ ಆ ಸ್ಟ್ಯಾಕ್ ಅಳಿಸಿ, ಕಾರಣ ಸರಿಪಡಿಸಿ, ಮತ್ತೆ ಪುಶ್ ಮಾಡಿ. ಕಾರಣ ಇವೆಂಟ್ಸ್ ಪಟ್ಟಿಯಲ್ಲಿರುತ್ತದೆ. ಮೇಲಿಂದಲ್ಲ, ಕೆಳಗಿಂದ ಓದುತ್ತಾ ಬನ್ನಿ. ಮೊದಲು ಬಿದ್ದದ್ದೇ ನಿಜವಾದ ಕಾರಣ, ಉಳಿದವು ಅದರ ಬೆನ್ನಿಗೆ ಬಿದ್ದವು.

ಎಲ್ಲ ಹಸಿರಾದರೆ ಲ್ಯಾಂಬ್ಡಾ ಪುಟದ ಟೆಸ್ಟ್ ಗುಂಡಿ ಒತ್ತಿ. ಗುಂಪಿಗೆ ನಿಜವಾದ ಸಂದೇಶವೇ ಹೋಗುತ್ತದೆ, ಹಾಗಾಗಿ ರಾತ್ರಿ ಎರಡು ಗಂಟೆಗೆ ಒತ್ತಬೇಡಿ.

ಹಂತ 7: ಕೆಟ್ಟಾಗ ಗೊತ್ತಾಗಲಿ, ಹಿಂದೆ ಹೋಗಲು ದಾರಿ ಇರಲಿ

ಟೆಂಪ್ಲೇಟಿಗೆ ಎರಡು ಅಲಾರಂ ಸೇರಿಸಿ. ಒಂದು, ಎರರ್ಸ್ 1 ಆದ ಕೂಡಲೇ ಇಮೇಲ್. ಇನ್ನೊಂದನ್ನು ಬಹಳ ಜನ ಹಾಕುವುದಿಲ್ಲ: ಒಂದು ದಿನದಲ್ಲಿ ಫಂಕ್ಷನ್ ಓಡಲೇ ಇಲ್ಲ ಎಂದರೆ ಇಮೇಲ್. ಇದಕ್ಕೆ ಇನ್ವೊಕೇಶನ್ಸ್ (ಎಷ್ಟು ಸಲ ಓಡಿತು) ಅಳತೆ ತೆಗೆದುಕೊಂಡು, ಮಾಹಿತಿಯೇ ಇಲ್ಲದಿದ್ದರೆ ಅದನ್ನೂ ಬ್ರೀಚಿಂಗ್ (ಮಿತಿ ಮುರಿದದ್ದು) ಎಂದು ಲೆಕ್ಕಕ್ಕೆ ಹಿಡಿಯಲು ಹೇಳಬೇಕು. ಓಡದ ಫಂಕ್ಷನ್‌ನಲ್ಲಿ ದೋಷವೂ ಬರುವುದಿಲ್ಲವಲ್ಲ. ಎಸ್‌ಎನ್‌ಎಸ್ ಕಳಿಸುವ ಮೊದಲ ಇಮೇಲ್‌ನಲ್ಲಿರುವ ದೃಢೀಕರಣದ ಕೊಂಡಿ ಒತ್ತದಿದ್ದರೆ ಮುಂದೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಸ್ಪ್ಯಾಮ್ ಪೆಟ್ಟಿಗೆಯನ್ನೂ ನೋಡಿ.

ಹೊಸ ಕೋಡಿನಲ್ಲಿ ತಪ್ಪಿದ್ದರೆ ಗಿಟ್ ರಿವರ್ಟ್ ಮಾಡಿ ಪುಶ್ ಮಾಡಿ. ಅದೇ ಬಾಗಿಲಿನಿಂದ ಹಳೆಯ ಕೋಡ್ ವಾಪಸ್ ಹೋಗುತ್ತದೆ. ಹತ್ತರಲ್ಲಿ ಒಂದು ಕರೆಯನ್ನಷ್ಟೇ ಮೊದಲು ಹೊಸ ಕೋಡಿಗೆ ಕಳಿಸಿ ನೋಡುವ ಕ್ಯಾನರಿ ಎಂಬ ಸೌಲಭ್ಯವೂ ಸ್ಯಾಮ್‌ನಲ್ಲಿದೆ. ನಿಮಿಷಕ್ಕೆ ನೂರಾರು ಕರೆ ಬರುವ ಫಂಕ್ಷನ್‌ಗೆ ಅದು ತುಂಬ ಒಳ್ಳೆಯದು. ದಿನಕ್ಕೊಮ್ಮೆ ಓಡುವುದಕ್ಕೆ ಅದರಿಂದ ಏನೂ ಪ್ರಯೋಜನವಿಲ್ಲ.

ಲ್ಯಾಂಬ್ಡಾ ಕನ್ಸೋಲ್‌ನಲ್ಲಿ ಕೋಡ್ ತಿದ್ದುವ ಪೆಟ್ಟಿಗೆ ಕೈಬೀಸಿ ಕರೆಯುತ್ತದೆ, "ಒಂದೇ ಒಂದು ಸಾಲು" ಅನ್ನಿಸುತ್ತದೆ. ಬೇಡ. ಅಲ್ಲಿ ತಿದ್ದಿದ್ದು ಕ್ಲೌಡ್‌ಫಾರ್ಮೇಶನ್‌ಗೆ ಗೊತ್ತಾಗುವುದಿಲ್ಲ. ರೀಡ್‌ಮಿ ತಿದ್ದಿ ಪುಶ್ ಮಾಡಿದರೂ ನಿಮ್ಮ ತಿದ್ದುಪಡಿ ಹಾಗೇ ಉಳಿದು, ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಯಾವಾಗಲೋ ಬೇರೆ ಕಾರಣಕ್ಕೆ ಕೋಡ್ ಬದಲಿಸಿದ ದಿನ ಅದು ಮಾಯವಾಗುತ್ತದೆ.

ಹಂತ 8: ಸಾಕಾದಾಗ

ಕ್ಲೌಡ್‌ಫಾರ್ಮೇಶನ್ ಪುಟದಲ್ಲಿ ಸ್ಟ್ಯಾಕ್ ಅಳಿಸಿದರೆ ಫಂಕ್ಷನ್, ವೇಳಾಪಟ್ಟಿ, ಅಲಾರಂ ಎಲ್ಲ ಹೋಗುತ್ತವೆ. ನೀವು ಕೈಯಲ್ಲಿ ಮಾಡಿದ್ದು ಹೋಗುವುದಿಲ್ಲ: "ಮಳೆ-ಟೋಕನ್" ಪ್ಯಾರಾಮೀಟರ್, ಗಿಟ್‌ಹಬ್ ರೋಲ್, ಐಡೆಂಟಿಟಿ ಪ್ರೊವೈಡರ್. ಇವನ್ನು ಒಂದೊಂದಾಗಿ ಅಳಿಸಿ. ಬೇರೆ ರೆಪೊ ಅದೇ ಪ್ರೊವೈಡರ್ ಬಳಸುತ್ತಿದ್ದರೆ ಅದೊಂದನ್ನು ಉಳಿಸಿ. ಸ್ಯಾಮ್ ಮಾಡಿಕೊಂಡ ಬಕೆಟ್‌ನಲ್ಲಿ ಹಳೆಯ ಜಿಪ್‌ಗಳು ಉಳಿದಿರುತ್ತವೆ, ಅದನ್ನು ಖಾಲಿ ಮಾಡದೆ ಅಳಿಸಲು ಆಗುವುದಿಲ್ಲ.